ಪರದೆಯ ಕೆಳಗಿನ ಕರಿ ಪಟ್ಟಿ

ಮೂವತ್ತು ದಾಟಿ ಹೆಚ್ಚು ದಿನವಾಗಿಲ್ಲದವಳು ನಿವೃತ್ತಿಯ ಮಾತಾಡಿದರೆ ಯಾರಿಗಾದರೂ ನಗು ಬಂದೀತು. ನನಗೂ ಬರುತ್ತದೆ. ಆದರೆ ಜಗಳೂರು, ನ್ಯಾಮತಿ, ಚನ್ನಗಿರಿ ಈ ಮೂರು ಊರುಗಳ ಆನ್‌ಲೈನ್ ಸೇವಾ ಕೇಂದ್ರಗಳಲ್ಲಿ ಕುರ್ಚಿ ಸವೆಸಿ, ಹೋದ ತಿಂಗಳ ಕೊನೆಯ ಶನಿವಾರ ಕಂಪ್ಯೂಟರಿನ ಮುಂದಿನಿಂದ ಎದ್ದವಳು ನಾನು. ಇನ್ನು ಅಲ್ಲಿ ಕೂರುವುದಿಲ್ಲ. ಬಸ್ ಕಂಡಕ್ಟರ್ ಕೆಲಸಕ್ಕೆ ಆಯ್ಕೆಯಾಗಿದ್ದೇನೆ. ಕೂತು ಮಾಡುವ ಕೆಲಸ ಮುಗಿಯಿತು, ನಿಂತು ಮಾಡುವ ಕೆಲಸ ಶುರುವಾಗಲಿದೆ. ನಡುವೆ ಸಿಕ್ಕ ಈ ಬಿಡುವಿನಲ್ಲಿ ಬರೆಯುತ್ತಿದ್ದೇನೆ.

ಬರೆಯಲು ಕಾರಣ ಕಾವ್ಯ. ಚನ್ನಗಿರಿಯ ಅಂಗಡಿಯಲ್ಲಿ ನನ್ನ ಕುರ್ಚಿಗೆ ಬಂದಿರುವ ಹುಡುಗಿ. ಮೊದಲ ದಿನವೇ ಕೇಳಿದಳು, "ಅಕ್ಕಾ, ಇಲ್ಲಿ ಮುಖ್ಯವಾಗಿ ಏನು ಕಲೀಬೇಕು?"

"ಸ್ಕ್ರೀನ್‌ಶಾಟ್ ತೆಗೆಯೋದು, ತೆಗೆದದ್ದನ್ನ ಉಳಿಸೋದು," ಎಂದೆ.

"ಅದೇನ್ ಕಲಿಯಾಕಕ್ಕ? ಫೋನಿನಾಗೆ ಮೂರು ಬೆರಳು ಎಳೆದ್ರೆ ಆತು!"

ಹತ್ತು ವರ್ಷದ ಹಿಂದೆ ನಾನೂ ಹೀಗೇ ನಕ್ಕಿದ್ದೆ. ಹೈಸ್ಕೂಲಿನಿಂದಲೂ ದಿನಚರಿ ಬರೆಯುವ ಅಭ್ಯಾಸ ನನಗಿದೆ. ಸರ್ವರ್ ಕೈಕೊಟ್ಟ ಪ್ರತಿ ಸಲಕ್ಕೂ ಅಂದಿನ ಪುಟದ ಅಂಚಿನಲ್ಲಿ ಒಂದು ಗೀಟು ಹಾಕುತ್ತಿದ್ದೆ. ಈಗ ತಿರುವಿ ನೋಡಿದರೆ ಕೆಲವು ಪುಟಗಳಲ್ಲಿ ಅಕ್ಷರಕ್ಕಿಂತ ಗೀಟುಗಳೇ ಜಾಸ್ತಿ.

ಮೊದಲ ಕೆಲಸ ಜಗಳೂರಿನಲ್ಲಿ. ಯಜಮಾನರನ್ನು ಎಲ್ಲರೂ ವೀರಣ್ಣ ಎನ್ನುತ್ತಿದ್ದರು. ಜೆರಾಕ್ಸ್ ಅಂಗಡಿಯಿಂದ ಬೆಳೆದು ಕಂಪ್ಯೂಟರ್ ಇಟ್ಟವರು. ಯಂತ್ರವೆಂದರೆ ಗುಂಡಿ ಒತ್ತಿದ ಕೂಡಲೇ ಕಾಗದ ಉಗುಳಬೇಕು, ಅಷ್ಟೇ ಅವರಿಗೆ ಗೊತ್ತು. ಕೀಬೋರ್ಡಿನ ಮೇಲಿದ್ದ ಪ್ರಿಂಟ್ ಸ್ಕ್ರೀನ್ ಗುಂಡಿಯನ್ನು ಒತ್ತಿ, ಎದ್ದು ಹೋಗಿ, ಪ್ರಿಂಟರಿನ ಬಾಯಿಗೆ ಕೈಯೊಡ್ಡಿ ನಿಲ್ಲುತ್ತಿದ್ದರು.

"ಅಣ್ಣಾ, ಅದು ಹಂಗೆ ಬರಲ್ಲ."

"ಗುಂಡಿ ಮೇಲೆ ಬರದಾರಲ್ಲವ್ವ. ಬರಲ್ಲ ಅಂದ್ರೆ ಎಲ್ಲಿಗೆ ಹೋತು?"

"ಒಳಗೈತೆ."

"ಒಳಗೆ ಅಂದ್ರೆ ಎಲ್ಲಿ?"

ಎಲ್ಲಿ ಎಂದು ನನಗೂ ಗೊತ್ತಿರಲಿಲ್ಲ. ಚಿತ್ರ ಬಿಡಿಸುವ ಪೇಂಟ್ ಎಂಬ ಪ್ರೋಗ್ರಾಮ್ ತೆರೆದು ಅಲ್ಲಿ ಅಂಟಿಸಿದರೆ ಚಿತ್ರ ಕಾಣುತ್ತದೆ ಎಂಬುದಷ್ಟೇ ಗೊತ್ತಿತ್ತು. ಆ ಒಳಗಿನ ಜಾಗದಲ್ಲಿ ಒಂದು ಸಲಕ್ಕೆ ಒಂದೇ ಚಿತ್ರ ನಿಲ್ಲುತ್ತದೆ, ಎರಡನೆಯದು ಬಂದರೆ ಮೊದಲನೆಯದು ಎದ್ದು ಹೋಗುತ್ತದೆ ಎಂಬುದು ಗೊತ್ತಾದ ದಿನ ಮಾತ್ರ ಮರೆಯುವುದಿಲ್ಲ. ಹೊಸ ಅರ್ಜಿಯೊಂದನ್ನು ತುಂಬುವ ಬಗ್ಗೆ ಮಧ್ಯಾಹ್ನವಿಡೀ ಆನ್‌ಲೈನ್ ತರಬೇತಿ ಇತ್ತು. ವೀರಣ್ಣ ಹೇಳಿದ್ದರು, "ಒಂದನ್ನೂ ಬಿಡಬ್ಯಾಡ, ಎಲ್ಲಾ ಹಿಡಿದಿಡು." ಪರದೆಯ ಮೇಲೆ ಹೊಸ ಪುಟ ಬಂದಾಗಲೆಲ್ಲ ನಾನು ಗುಂಡಿ ಒತ್ತಿದೆ. ಸಂಜೆ ಪೇಂಟಿನಲ್ಲಿ ಅಂಟಿಸಿದರೆ, ಕೈ ಜೋಡಿಸಿದ ಚಿತ್ರದೊಂದಿಗೆ 'ಧನ್ಯವಾದಗಳು' ಎಂಬ ಕೊನೆಯ ಪುಟ ಬಂತು. ಇನ್ನೊಮ್ಮೆ ಅಂಟಿಸಿದೆ. ಮತ್ತೆ ಧನ್ಯವಾದಗಳು. ವೀರಣ್ಣ ಬೆನ್ನ ಹಿಂದೆ ನಿಂತು ನೋಡುತ್ತಿದ್ದವರು ಗಾಬರಿಯಾದರು. "ಯಾಕವ್ವಾ ಇವ್ರು ಈಪಾಟಿ ಕೈ ಮುಗೀತಾರೆ? ಅರ್ಜಿ ತುಂಬೋದು ಹೆಂಗೆ ಅಂತ ಏನೂ ಹೇಳ್ಲಿಲ್ವೇನು?"

ಆಮೇಲಿಂದ ಒಂದೊಂದನ್ನೂ ತೆಗೆದ ಕೂಡಲೇ ಅಂಟಿಸಿ, ಹೆಸರು ಕೊಟ್ಟು ಉಳಿಸಿಯೇ ಮುಂದಿನದಕ್ಕೆ ಹೋಗುತ್ತಿದ್ದೆ.

ಹೆಸರು ಕೊಡುವುದರ ಕಷ್ಟ ತಿಳಿದದ್ದು ನ್ಯಾಮತಿಗೆ ಹೋದ ಮೇಲೆ. ಅಲ್ಲಿನ ಅಂಗಡಿ ನಡೆಸುತ್ತಿದ್ದ ಸರೋಜಕ್ಕನಿಗೆ ಜನರ ಮುಖ, ಬಟ್ಟೆ, ನಡಿಗೆ ಎಲ್ಲ ನೆನಪಿರುತ್ತಿತ್ತು, ಹೆಸರು ಮಾತ್ರ ನೆನಪಿರುತ್ತಿರಲಿಲ್ಲ. ಅವರು ಉಳಿಸಿದ ಸ್ಕ್ರೀನ್‌ಶಾಟ್‌ಗಳ ಹೆಸರುಗಳು ಹೀಗಿರುತ್ತಿದ್ದವು: 'ಕೆಂಪು ಸೀರೆ ಅಜ್ಜಿ', 'ಕೆಂಪು ಸೀರೆ ಅಜ್ಜಿ ಸೊಸೆ', 'ಮೀಸೆ', 'ದೊಡ್ಡ ಮೀಸೆ', 'ಬೈಕಿನಿಂದ ಬಿದ್ದೋನು'.

ಒಂದು ದಿನ ಕೆಂಪು ಸೀರೆ ಅಜ್ಜಿ ಹಸಿರು ಸೀರೆ ಉಟ್ಟುಕೊಂಡು ಬಂದರು. ಸರೋಜಕ್ಕ ಅರ್ಧ ಗಂಟೆ ಹುಡುಕಿ ಕೊನೆಗೆ ಅಜ್ಜಿಯನ್ನೇ ಗದರಿದರು. "ನೀವು ಹಿಂಗೆ ದಿನಕ್ಕೊಂದು ಉಟ್ಕೊಂಡು ಬಂದ್ರೆ ನಾವು ಹೆಂಗೆ ಹುಡುಕಾಕೆ ಆಗ್ತೈತಮ್ಮ?"

ಅಜ್ಜಿ ಸುಮ್ಮನಿರುವವರಲ್ಲ. "ಕಂಪ್ಯೂಟರಿಗೋಸ್ಕರ ಒಂದೇ ಸೀರೆ ಉಟ್ಕೊಂಡಿರ್ಲಾ? ಹಂಗಾದ್ರೆ ನೀನೇ ಒಂದು ಕೊಡ್ಸು, ಉಡ್ತೀನಿ."

ಅವತ್ತಿನಿಂದ ನಾನು ಊರು, ಹೆಸರು, ಕೆಲಸ, ತಾರೀಖು ಇವು ನಾಲ್ಕನ್ನೂ ಅದೇ ಕ್ರಮದಲ್ಲಿ ಬರೆದು ಉಳಿಸತೊಡಗಿದೆ. ಕಾವ್ಯಳಿಗೆ ನಾನು ಒಪ್ಪಿಸಿ ಬಂದಿರುವ ಆಸ್ತಿ ಎಂದರೆ ಹಾಗೆ ಹೆಸರಿಟ್ಟ ಫೋಲ್ಡರುಗಳೇ.

ಇಷ್ಟು ಕಲಿತೇ ಚನ್ನಗಿರಿಗೆ ಬಂದೆ. ಬಸ್ ನಿಲ್ದಾಣದಿಂದ ಕೂಗಿದರೆ ಕೇಳುವಷ್ಟು ಹತ್ತಿರ ಅಂಗಡಿ. ಯಜಮಾನರು ಪ್ರಭಣ್ಣ. ನಗಿಸುತ್ತಾ ಕೆಲಸ ತೆಗೆಸುವವರು, ಕೋಪ ಬಂದರೆ ಪ್ರಿಂಟರಿಗೆ ಬೈಯುವವರು. ಅಷ್ಟರಲ್ಲಿ ವಿಧಾನವೂ ಬದಲಾಗಿತ್ತು. ಪೇಂಟ್ ತೆರೆಯಬೇಕಿರಲಿಲ್ಲ. ಮೌಸಿನಿಂದ ಬೇಕಾದಷ್ಟು ಭಾಗದ ಸುತ್ತ ಗೆರೆ ಎಳೆದರೆ ಅಷ್ಟೇ ಕತ್ತರಿಸಿ ಬರುತ್ತಿತ್ತು. ಪ್ರಭಣ್ಣನ ಅಂಗಡಿಯಲ್ಲಿ ಅದಕ್ಕೊಂದು ಕಟ್ಟಾಜ್ಞೆಯೂ ಇತ್ತು.

"ನೋಡು ಸುಮಾ, ಪರದೆ ಕೆಳಗೊಂದು ಕರಿ ಪಟ್ಟಿ ಐತಲ್ಲ, ಗಡಿಯಾರ, ಬ್ಯಾಟರಿ ಎಲ್ಲಾ ಇರ್ತಾವಲ್ಲ, ಅದನ್ನ ಬಿಟ್ಟು ಕತ್ತರ್ಸು. ಅಷ್ಟೂ ಕಪ್ಪು. ಪ್ರಿಂಟ್ ತಗದ್ರೆ ಇಂಕು ಗಟಗಟ ಕುಡಿತೈತೆ."

ನನಗೂ ಅದು ಸರಿಯೆನಿಸಿತು. ಕರಿ ಪಟ್ಟಿ ಇಲ್ಲದ, ಅಕ್ಕಪಕ್ಕದ ಗಲೀಜಿಲ್ಲದ ನನ್ನ ಸ್ಕ್ರೀನ್‌ಶಾಟ್‌ಗಳು ಮದುವೆ ಕರೆಯೋಲೆಯಷ್ಟು ಚೊಕ್ಕಟವಾಗಿರುತ್ತಿದ್ದವು.

ಅಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ಕಂಪ್ಯೂಟರ್ ಒಂದೇ, ಬೆಂಚಿನ ತುಂಬ ಜನ. ಒಬ್ಬರ ಪುಟ ತಿರುಗುತ್ತಾ ನಿಂತರೆ ಅದನ್ನು ಪರದೆಯ ಎಡ ಅರ್ಧಕ್ಕೆ ಸರಿಸಿ, ಬಲ ಅರ್ಧದಲ್ಲಿ ಮುಂದಿನವರ ಕೆಲಸ ಶುರು ಮಾಡುತ್ತಿದ್ದೆವು. "ಎಡ ಎತ್ತು ನಿಂತ್ರೆ ಬಲ ಎತ್ತು ನಡೀಲಿ" ಎನ್ನುತ್ತಿದ್ದರು ಪ್ರಭಣ್ಣ.

ಒಂದು ಶುಕ್ರವಾರ ಮಧ್ಯಾಹ್ನ ಸಾಸ್ವೆಹಳ್ಳಿಯ ಮಂಜುಳಾ ಎಂಬಾಕೆ ಬಂದರು. ಅವರ ಊರಿನ ಅಂಗನವಾಡಿಗೆ ಕಾರ್ಯಕರ್ತೆ ಬೇಕಾಗಿತ್ತು. ಅರ್ಜಿ ಹಾಕಲು ಅವತ್ತೇ ಕೊನೆ, ಸಂಜೆ ಐದರವರೆಗೆ ಮಾತ್ರ. ಹೊನ್ನಾಳಿಯ ಅಂಗಡಿಗಳಲ್ಲಿ ಜನ ಜಾತ್ರೆಯಂತಿದ್ದಾರೆಂದು ಇಲ್ಲಿಗೆ ಬಸ್ ಹತ್ತಿದ್ದರು. ನಾನು ಟೈಪು ಮಾಡುತ್ತಿದ್ದಂತೆ ಹೇಳಿದರು, "ಅಂಗನವಾಡಿ ನಮ್ಮನೆ ಎದ್ರಿಗೇ ಐತ್ರಿ. ಮೊದ್ಲಿನ ಟೀಚರಮ್ಮ ಹುಷಾರಿಲ್ದೆ ಇದ್ದಾಗ ಹುಡುಗ್ರನ್ನ ನಾನೇ ನೋಡ್ಕೊಂಡಿದ್ದೆ. ಈಗ ಬಿಟ್ರೆ ಮುಂದಿನ ಸಲಕ್ಕೆ ನನ್ನ ವಯಸ್ಸು ಮೀರಿರ್ತೈತೆ. ಇದೊಂದೇ ಚಾನ್ಸು."

ಎಲ್ಲ ತುಂಬಿ, ಫೋಟೋ ಏರಿಸಿ, ಅರ್ಜಿ ಸಂಖ್ಯೆಯೂ ಬಂದ ಮೇಲೆ 'ಸಲ್ಲಿಸಿ' ಎಂಬುದನ್ನು ಒತ್ತಿದೆ. ಪುಟ ತಿರುಗಿತು, ತಿರುಗಿತು, ಕೆಂಪಕ್ಷರದಲ್ಲಿ 'ಸರ್ವರ್ ದೋಷ' ಎಂದಿತು. ನಾನು ನನ್ನ ಪದ್ಧತಿಯಂತೆ ಆ ಪುಟವನ್ನಷ್ಟೇ ಚೊಕ್ಕಟವಾಗಿ ಕತ್ತರಿಸಿ, ಹೆಸರು ಕೊಟ್ಟು ಉಳಿಸಿದೆ, ಅವರಿಗೊಂದು ಪ್ರಿಂಟನ್ನೂ ಕೊಟ್ಟೆ. ಮತ್ತೆ ಒತ್ತಿದೆ. ಮತ್ತೆ ಅದೇ ಕೆಂಪಕ್ಷರ. ಸರ್ವರ್ ಸುಧಾರಿಸಿಕೊಳ್ಳಲಿ ಎಂದು ಆ ಪುಟವನ್ನು ಎಡಕ್ಕೆ ಸರಿಸಿದೆ.

ಬಲಕ್ಕೆ ಬಂದವರು ಉಬ್ರಾಣಿಯ ರುದ್ರಪ್ಪಜ್ಜ. ಹಿರಿಯ ನಾಗರಿಕರ ಗುರುತಿನ ಚೀಟಿಗೆ ಅರ್ಜಿ ಹಾಕಿದ್ದರು, ಅವತ್ತು ಮಂಜೂರಾಗಿತ್ತು. ಅಜ್ಜನ ಫೋಟೋ, ಪಕ್ಕದಲ್ಲಿ ಹಸಿರಕ್ಷರದಲ್ಲಿ 'ಅನುಮೋದಿಸಲಾಗಿದೆ'. ಅಜ್ಜನ ಮುಖ ಅರಳಿತು.

"ಇದನ್ನ ಪ್ರಿಂಟ್ ತಗೀರಿ. ಗೋಡೆಗೆ ಹಾಕ್ತೀನಿ. ನಂಗೆ ವಯಸ್ಸಾಗಿಲ್ಲ ಅಂತಾರೆ ಊರಾಗೆ."

ನಾನು ಮೌಸಿನಿಂದ ಗೆರೆ ಎಳೆಯತೊಡಗಿದ್ದೇ ತಡ, ಅಜ್ಜ ಕೈ ಅಡ್ಡ ಹಿಡಿದರು. "ಯಾಕೆ ಕತ್ತರಿಸ್ತೀ ತಾಯಿ?"

"ಬೇಕಾದಷ್ಟೇ ತಗಿತೀನಜ್ಜ."

"ಬ್ಯಾಡ. ಕಂಪ್ಯೂಟರಿನಾಗೆ ಎಷ್ಟು ಕಾಣ್ತೈತೋ ಅಷ್ಟೂ ಬೇಕು. ಅರ್ಧ ಕೊಟ್ರೆ ಅರ್ಧ ಮಂಜೂರಾಗೈತೆ ಅಂತಾರೆ."

ಪ್ರಭಣ್ಣ ಇಂಕಿನ ಕಷ್ಟ ಹೇಳಿ ನೋಡಿದರು. ಅಜ್ಜ ಜಗ್ಗಲಿಲ್ಲ. ಕೊನೆಗೆ ಪೂರ್ತಿ ಪರದೆಯನ್ನು ಹಿಡಿದು, ಬಣ್ಣದಲ್ಲಿ ಪ್ರಿಂಟ್ ತೆಗೆದು, ಲ್ಯಾಮಿನೇಷನ್ ಮಾಡಿಸಿ ಕೊಟ್ಟಿದ್ದಾಯಿತು. ಕಾಗದ ಕೈಗೆ ಹೋಯಿತಲ್ಲ ಎಂದು ಆ ಚಿತ್ರವನ್ನು ಕಂಪ್ಯೂಟರಿನಲ್ಲಿ ಉಳಿಸದೆಯೇ ಮುಚ್ಚಿದೆ. ನಡುನಡುವೆ ಎಡಗಡೆ ಒತ್ತಿದಾಗಲೆಲ್ಲ ಅದೇ ಕೆಂಪಕ್ಷರ. ಅಷ್ಟರಲ್ಲಿ ಐದಾಗಿತ್ತು. ಎಡಗಡೆಯ ಪುಟ 'ಅವಧಿ ಮುಗಿದಿದೆ' ಎಂದಿತು.

"ಸರ್ವರಿನ ತಪ್ಪಿಗೆ ನೀವೇನು ಮಾಡಾಕಾಗ್ತೈತೆ? ಪ್ರಿಂಟ್ ಐತಲ್ಲ, ಹೆದರಬ್ಯಾಡ್ರಿ," ಎಂದು ಪ್ರಭಣ್ಣ ಮಂಜುಳಾ ಅವರಿಗೆ ಧೈರ್ಯ ಹೇಳಿ ಕಳಿಸಿದರು.

ಕೆಲ ವಾರಗಳಾದ ಮೇಲೆ ಒಂದು ಸೋಮವಾರ ಮಂಜುಳಾ ಮತ್ತೆ ಬಂದರು. ಈ ಸಲ ಬೆಂಚಿನ ಮೇಲೆ ಕೂರಲೂ ಇಲ್ಲ. ಅರ್ಜಿದಾರರ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಸರ್ವರ್ ದೋಷದಿಂದ ಅರ್ಜಿ ಸಲ್ಲಿಕೆಯಾಗದವರು ಬುಧವಾರದೊಳಗೆ ಪುರಾವೆ ಕೊಟ್ಟರೆ ಪರಿಗಣಿಸುತ್ತಾರಂತೆ. ಪುರಾವೆಯ ಚಿತ್ರದಲ್ಲಿ ಅರ್ಜಿ ಸಂಖ್ಯೆ, ದಿನಾಂಕ, ಸಮಯ ಮೂರೂ ಕಾಣಬೇಕು. ಅಂಗನವಾಡಿಗಳನ್ನು ನೋಡಿಕೊಳ್ಳುವ ಹೊನ್ನಾಳಿಯ ಕಚೇರಿಯಲ್ಲಿ ನನ್ನ ಚೊಕ್ಕಟ ಪ್ರಿಂಟನ್ನು ನೋಡಿದ ಗುಮಾಸ್ತರು, "ಇದು ಐದಕ್ಕೆ ಮುಂಚಿಂದೋ ಆಮೇಲಿಂದೋ ಹೆಂಗಮ್ಮ ಗೊತ್ತಾಗ್ಬೇಕು?" ಎಂದು ವಾಪಸ್ ಕೊಟ್ಟಿದ್ದರು.

ಸಮಯ ಇದ್ದದ್ದು ಕರಿ ಪಟ್ಟಿಯಲ್ಲಿ.

ಫೈಲು ಉಳಿಸಿದ ಹೊತ್ತು ಕಂಪ್ಯೂಟರಿನಲ್ಲಿ ದಾಖಲಾಗಿತ್ತು. ಅದನ್ನು ಪ್ರಭಣ್ಣನಿಗೆ ತೋರಿಸಿ, ಅವರಿಂದ ಗುಮಾಸ್ತರಿಗೆ ಫೋನ್ ಮಾಡಿಸಿದೆ. "ಚಿತ್ರದಾಗೇ ಇರಬೇಕು ಅಂತ ಆದೇಶದಾಗೈತೆ" ಎಂದರು. ಚಿತ್ರದಲ್ಲಿರುವ ಗಡಿಯಾರವೂ ಅದೇ ಕಂಪ್ಯೂಟರಿನದಲ್ಲವೇ ಎಂದು ವಾದಿಸಲು ಹೋಗಲಿಲ್ಲ. ಮಂಜುಳಾ ಅವತ್ತು ಫೋನಿನಲ್ಲಿ ಪರದೆಯ ಫೋಟೋ ತೆಗೆದುಕೊಂಡಿದ್ದರು. ಅದನ್ನು ದೊಡ್ಡದು ಮಾಡಿ ನೋಡಿದೆವು. ಅಡ್ಡಡ್ಡ ಗೆರೆಗಳು, ಗಾಜಿನಲ್ಲಿ ಬಾಗಿಲಿನ ಬಿಂಬ, ನನ್ನ ಕಿವಿಯ ಓಲೆ. ಗಡಿಯಾರ ಮಾತ್ರ ಇಲ್ಲ.

"ಸುಮ್ಕಿರ್ರಿ, ಏನಾರ ದಾರಿ ಇರ್ತೈತೆ," ಎಂದರು ಪ್ರಭಣ್ಣ. ಅವರ ದನಿಯಲ್ಲಿ ದಾರಿ ಕಾಣುತ್ತಿರಲಿಲ್ಲ. ಆ ರಾತ್ರಿ ದಿನಚರಿಯಲ್ಲಿ ಗೀಟು ಹಾಕಲೂ ಮನಸ್ಸಾಗಲಿಲ್ಲ.

ಮಂಗಳವಾರ ಬಾಗಿಲು ತೆಗೆಯುವ ಹೊತ್ತಿಗೆ ಮೆಟ್ಟಿಲ ಮೇಲೆ ರುದ್ರಪ್ಪಜ್ಜ ಕೂತಿದ್ದರು. ತೊಡೆಯ ಮೇಲೆ ಟವೆಲಿನಲ್ಲಿ ಸುತ್ತಿದ ಲ್ಯಾಮಿನೇಷನ್. ಮುಖ ಗಂಟಾಗಿತ್ತು.

"ಏನಜ್ಜಾ, ಬೆಳಿಗ್ಗೆಯೇ?"

"ಈಯಮ್ಮನ್ನ ತಗದು ಕೊಡ್ರಿ."

"ಯಾವಮ್ಮನ್ನ?"

ಅಜ್ಜ ಟವೆಲು ಬಿಚ್ಚಿದರು. "ನೋಡು. ಬಲಗಡೆ ನಾನದೀನಿ. ಎಡಗಡೆ ಈಯಮ್ಮ ಯಾರು? ನಾನು ಕನ್ನಡಕ ಇಲ್ದೆ ಗೋಡೆಗೆ ಹೊಡೆದುಬಿಟ್ಟೆ. ಅಂದಿನಿಂದ ಬಂದೋರೆಲ್ಲ, 'ಏನು ರುದ್ರಪ್ಪಣ್ಣ, ಜೋಡಿ ಫೋಟೋ ಜೋರೈತಲ್ಲ' ಅಂತಾರೆ. ನಮ್ಮ ಮನೆಯಾಕಿ ಸಿದ್ದಮ್ಮ ಎರಡು ದಿನದಿಂದ ಮಾತು ಬಿಟ್ಟಾಳೆ. ರೊಟ್ಟಿ ಕೊಡ್ತಾಳೆ, ಮಾತಾಡಲ್ಲ."

ನಾನು ಕಾಗದವನ್ನು ಕಿತ್ತುಕೊಂಡೆ ಎಂದೇ ಹೇಳಬೇಕು. ಎಡಗಡೆ ಮಂಜುಳಾ ಅವರ ಫೋಟೋ. ಅದರ ಕೆಳಗೆ ಅರ್ಜಿ ಸಂಖ್ಯೆ. ಅದರ ಕೆಳಗೆ ಕೆಂಪಕ್ಷರದಲ್ಲಿ ಸರ್ವರ್ ದೋಷ. ಎಲ್ಲಕ್ಕಿಂತ ಕೆಳಗೆ, ಈ ತುದಿಯಿಂದ ಆ ತುದಿಯವರೆಗೆ, ಗಟಗಟ ಇಂಕು ಕುಡಿದು ಮಿಂಚುತ್ತಿದ್ದ ಕರಿ ಪಟ್ಟಿ. ಅದರ ಬಲ ಮೂಲೆಯಲ್ಲಿ ಬಿಳಿ ಅಕ್ಷರದಲ್ಲಿ ಅವತ್ತಿನ ತಾರೀಖು ಮತ್ತು ನಾಲ್ಕು ನಲವತ್ತೆಂಟು.

"ಅಣ್ಣಾ!" ಎಂದು ಕೂಗಿದೆ. ಪ್ರಭಣ್ಣ ಕೈಯಲ್ಲಿದ್ದ ಚಹಾ ಚೆಲ್ಲಿಕೊಂಡು ಓಡಿ ಬಂದರು.

ಅಜ್ಜನಿಗೆ ವಿಷಯ ತಿಳಿಸಿ, ಕಾಗದವನ್ನು ಒಂದು ದಿನದ ಮಟ್ಟಿಗೆ ಕೊಡಿ ಎಂದು ಕೇಳಿದೆವು. ಅವರು ಟವೆಲು ಮತ್ತೆ ಸುತ್ತಿದರು. "ಸರ್ಕಾರ ನಂಗೆ ಕೊಟ್ಟಿದ್ದು. ನನ್ನ ಕೈ ಬಿಟ್ಟು ಹೋಗಂಗಿಲ್ಲ. ಬೇಕಾದ್ರೆ ನಾನೇ ಬರ್ತೀನಿ. ಆದ್ರೆ ಒಂದು ಮಾತು. ಸಿದ್ದಮ್ಮನೂ ಬರ್ತಾಳೆ. ಆ ಹೆಣ್ಣುಮಗಳನ್ನ ಅವಳು ಕಣ್ಣಾರೆ ನೋಡ್ಲಿ. ಕೆಲಸ ಆದ್ಮೇಲೆ ನೀವು ಈಯಮ್ಮನ್ನ ಕತ್ತರಿಸಿ, ನನ್ನೊಬ್ಬನ್ನೇ ಕೊಡಬೇಕು."

ಬುಧವಾರ ನಾನು, ಅಜ್ಜ, ಸಿದ್ದಮ್ಮ ಮೂವರೂ ಹೊನ್ನಾಳಿಯ ಬಸ್ ಹತ್ತಿದೆವು. ಅಜ್ಜ ಕಂಡಕ್ಟರಿಗೆ ಲ್ಯಾಮಿನೇಷನ್ ತೋರಿಸಿ ರಿಯಾಯಿತಿ ಕೇಳಿದರು. ಕಂಡಕ್ಟರ್ ಅದನ್ನು ಅತ್ತಿತ್ತ ತಿರುಗಿಸಿ, "ಇದು ಪ್ರೈವೇಟ್ ಬಸ್ಸು ಕಣಜ್ಜ. ಇಲ್ಲಿ ಎಲ್ರೂ ಹುಡುಗ್ರೇ," ಎಂದು ಪೂರ್ತಿ ಟಿಕೆಟ್ ಹರಿದ. ಸಿದ್ದಮ್ಮ ಕಿಟಕಿಯ ಕಡೆ ಮುಖ ಮಾಡಿಕೊಂಡು ನಕ್ಕರು. ಮೂರು ದಿನದ ಮೇಲೆ ಬಂದ ನಗು ಇರಬೇಕು.

ಮಂಜುಳಾ ಕಚೇರಿಯ ಬಾಗಿಲಲ್ಲೇ ಕಾಯುತ್ತಿದ್ದರು. ಸಿದ್ದಮ್ಮ ಅವರನ್ನು ಮೇಲಿನಿಂದ ಕೆಳಗೆ ನೋಡಿದರು, ಟವೆಲು ಸರಿಸಿ ಫೋಟೋ ನೋಡಿದರು, ಮತ್ತೆ ಅವರನ್ನು ನೋಡಿದರು.

"ನೀನೇನವ್ವಾ ನಮ್ಮನೆ ಗೋಡೆ ಮ್ಯಾಲೆ ಇರಾಕಿ?"

ಮಂಜುಳಾ ತಬ್ಬಿಬ್ಬಾದರು. "ಗೊತ್ತಿಲ್ದೆ ಬಂದ್ಬಿಟ್ಟೀನಮ್ಮ, ತಪ್ಪು ತಿಳೀಬ್ಯಾಡ್ರಿ."

"ಬಂದಿದ್ದೇ ಬಂದೆ, ಇನ್ನೊಸಿ ನಗ್ತಾ ಬರೋದಲ್ವಾ? ಯಾರೋ ಹೊಡೆದಂಗೆ ಮಾರಿ ಮಾಡ್ಕೊಂಡು ಕುಂತೀಯಲ್ಲ."

ಒಳಗೆ ಗುಮಾಸ್ತರು ಕನ್ನಡಕ ಏರಿಸಿಕೊಂಡು ಕಾಗದ ನೋಡಿದರು. "ಇಬ್ರಲ್ಲಿ ಅರ್ಜಿದಾರರು ಯಾರು?"

"ನಾನಂತೂ ಅಂಗನವಾಡಿ ನಡ್ಸಾಕೆ ಬಂದಿಲ್ಲಪ್ಪ," ಎಂದರು ಅಜ್ಜ.

ಗುಮಾಸ್ತರು ಅದನ್ನು ಅಧಿಕಾರಿ ಮೇಡಂ ಮೇಜಿಗೆ ಒಯ್ದರು. ನಾವು ನಾಲ್ವರೂ ಹಿಂದೆಯೇ ಹೋಗಿ ಸಾಲಾಗಿ ನಿಂತೆವು. ಮೇಡಂ ನಿಧಾನವಾಗಿ, ಮೇಲಿನಿಂದ ಕೆಳಕ್ಕೆ ಒಂದೊಂದೇ ಸಾಲು ಓದಿದರು. ಪರದೆಯ ಮೇಲಂಚಿನಲ್ಲಿ ತೆರೆದಿಟ್ಟ ಪುಟಗಳ ಹೆಸರುಗಳೂ ಅಚ್ಚಾಗಿದ್ದವು. "ಹತ್ತು ದಿನದಲ್ಲಿ ಹೊಟ್ಟೆ ಕರಗಿಸುವುದು ಹೇಗೆ," ಎಂದು ಗಟ್ಟಿಯಾಗಿ ಓದಿ ತಲೆಯೆತ್ತಿದರು. "ಇದು ಯಾರದು?"

"ನಮ್ಮ ಯಜಮಾನ್ರದು ಮೇಡಂ."

"ಕರಗಿತಾ?"

"ಇಲ್ಲ ಮೇಡಂ."

ಮೇಡಂ ನಗಲಿಲ್ಲ. ಬೆರಳು ಕೆಳಗಿಳಿಯಿತು. ಅರ್ಜಿ ಸಂಖ್ಯೆಯ ಮೇಲೆ ನಿಂತಿತು. ಕೆಂಪಕ್ಷರದ ಮೇಲೆ ನಿಂತಿತು. ಕರಿ ಪಟ್ಟಿಯ ಉದ್ದಕ್ಕೂ ಬಲಕ್ಕೆ ಸರಿದು ಮೂಲೆಯಲ್ಲಿ ನಿಂತಿತು. ಮಂಜುಳಾ ನನ್ನ ಮಣಿಕಟ್ಟನ್ನು ಹಿಡಿದದ್ದು ಬಿಟ್ಟದ್ದು ನನಗೆ ಗೊತ್ತಾಗಿದ್ದು ಆಮೇಲೆ, ಕೆಂಪಗಾದ ಗುರುತು ಕಂಡಾಗ.

"ಹನ್ನೆರಡು ನಿಮಿಷ ಮುಂಚೆ," ಎಂದರು ಮೇಡಂ. "ಇದರದ್ದೊಂದು ಜೆರಾಕ್ಸ್ ಮಾಡಿಸಿ ಅರ್ಜಿಗೆ ಲಗತ್ತಿಸಿ. ಸ್ವೀಕೃತಿ ಕೊಡ್ರಿ ಇವರಿಗೆ."

ಲ್ಯಾಮಿನೇಷನ್ನಿನ ಹೊಳಪಿಗೆ ಮೊದಲ ಜೆರಾಕ್ಸಿನಲ್ಲಿ ಗಡಿಯಾರವೇ ಮಾಯವಾಗಿತ್ತು. ಎರಡನೆಯದರಲ್ಲಿ ಬಂತು.

ಆಯ್ಕೆ ಪಟ್ಟಿ ಬಂದ ದಿನ ಮಂಜುಳಾ ಮೊದಲು ಫೋನ್ ಮಾಡಿದ್ದು ನಮ್ಮ ಅಂಗಡಿಗೆ. ಏನು ಮಾತಾಡಿದರೋ ತಿಳಿಯಲಿಲ್ಲ. ಹಿಂದೆ ಮಕ್ಕಳ ಗಲಾಟೆ ಅಷ್ಟಿತ್ತು. ಪಟ್ಟಿಯನ್ನು ನಾನೇ ತೆರೆದು ನೋಡಿದೆ, ಹೆಸರಿತ್ತು. ಸ್ಕ್ರೀನ್‌ಶಾಟ್ ತೆಗೆದೆ. ಪೂರ್ತಿ ಪರದೆಯದ್ದು.

ಆಮೇಲೆ ಅಂಗಡಿಯ ಕಟ್ಟಾಜ್ಞೆ ಬದಲಾಯಿತು. ಕಾವ್ಯಾ, ಇದನ್ನು ನೆನಪಿಡು. ಮೊದಲು ಪೂರ್ತಿ ಪರದೆಯನ್ನು ಹಿಡಿದು ಉಳಿಸಬೇಕು. ಬೇಕಾದರೆ ಅದರದ್ದೊಂದು ಪ್ರತಿ ಮಾಡಿಕೊಂಡು ಪ್ರತಿಯನ್ನು ಕತ್ತರಿಸಬೇಕು. ಮೂಲವನ್ನು ಮುಟ್ಟಬಾರದು. ಗಿರಾಕಿ ಕಾಗದ ಒಯ್ದರೆಂದು ಉಳಿಸದೆ ಮುಚ್ಚಬಾರದು. ಒಬ್ಬರ ಕಾಗದದಲ್ಲಿ ಇನ್ನೊಬ್ಬರ ಅರ್ಜಿ ಹೋಗದಂತೆಯೂ ನೋಡಿಕೋ. ನಮಗೆ ಒಮ್ಮೆ ಒಳ್ಳೆಯದಾಯಿತೆಂದು ಪ್ರತಿ ಸಲ ಆಗುವುದಿಲ್ಲ. ಇಂಕಿನ ವಿಷಯಕ್ಕೆ ಬಂದರೆ, ಕಂಪ್ಯೂಟರಿನ ಸೆಟ್ಟಿಂಗಿನಲ್ಲಿ ಆ ಪಟ್ಟಿಯ ಬಣ್ಣವನ್ನೇ ಬಿಳಿ ಮಾಡಬಹುದು. ಎರಡು ಸಲ ಒತ್ತಿದರೆ ಆಯಿತು. ಅಷ್ಟು ವರ್ಷ ಅದು ನಮಗಾರಿಗೂ ಹೊಳೆದಿರಲಿಲ್ಲ. ಪ್ರಭಣ್ಣ ಈಗಲೂ ಅದನ್ನು ಕರಿ ಪಟ್ಟಿ ಎಂದೇ ಕರೆಯುತ್ತಾರೆ.

ನನ್ನ ಕೆಲಸದ ಕೊನೆಯ ವಾರ ರುದ್ರಪ್ಪಜ್ಜ ಚನ್ನಗಿರಿಗೆ ಬಂದವರು ಅಂಗಡಿಗೂ ಬಂದರು. ಮಾತು ಕೊಟ್ಟಂತೆ ಅವರೊಬ್ಬರೇ ಇರುವ ಪುಟವನ್ನು ಪ್ರಿಂಟ್ ತೆಗೆದು ಕೊಟ್ಟೆ. ಅಜ್ಜ ಮಡಚಿ ಅಂಗಿಯ ಜೇಬಿಗೆ ಇಟ್ಟುಕೊಂಡರು.

"ಹಳೇದು ಕೊಡ್ರಜ್ಜ, ಈಯಮ್ಮನ್ನ ಕತ್ತರಿಸಿ ಕೊಡ್ತೀವಿ," ಎಂದು ಪ್ರಭಣ್ಣ ಕತ್ತರಿ ಕೈಗೆತ್ತಿಕೊಂಡು ಕೀಟಲೆ ಮಾಡಿದರು.

"ತಂದಿಲ್ಲ. ಅದನ್ನ ಮುಟ್ಟಂಗಿಲ್ಲ ಅಂದಾಳೆ ಸಿದ್ದಮ್ಮ. ಇದು ಕಂಡಕ್ಟರಿಗೆ ತೋರ್ಸಾಕೆ. ಅದು ಗೋಡೆಗೆ."

"ಮತ್ತೆ ಬಂದೋರು ಕೇಳಿದ್ರೆ?"

"ಈಗ ನನ್ನ ಯಾರು ಕೇಳ್ತಾರೆ? ಅವಳೇ ಕೋಲು ತಗಂಡು ತೋರ್ಸ್ತಾಳೆ. 'ಎಡಗಡೆ ಇರಾಕಿ ಸಾಸ್ವೆಹಳ್ಳಿ ಟೀಚರಮ್ಮ, ಅಲ್ಲಿ ಕೆಳಗಿರೋದು ಟೈಮು' ಅಂತ."

"ಬಲಗಡೆ ಇರೋರು?"

ಅಜ್ಜ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡರು. "ಅಷ್ಟೊತ್ತಿಗೆ ಬಂದೋರು ಎದ್ದು ಹೊಂಟಿರ್ತಾರೆ."